ಸಹಾಯ ಬೇಕು: ಹಳೇ ಮೇಪಲ್ ಸಿರಪ್ ಪ್ಯಾನ್‌ನಲ್ಲಿ ಸೀಸ ಇದೆಯಾ, ಹೇಗೆ ಖಚಿತ ಮಾಡ್ಕೊಳ್ಳೋದು?

ಅಮೆರಿಕದ ವರ್ಮಾಂಟ್‌ನಲ್ಲಿ 2 ಅಡಿ ಅಗಲ, 6 ಅಡಿ ಉದ್ದದ ಸೆಕೆಂಡ್‌ಹ್ಯಾಂಡ್ ಇವ್ಯಾಪರೇಟರ್ (ಮೇಪಲ್ ಮರದ ರಸ ಕುದಿಸಿ ಸಿರಪ್ ಮಾಡೋ ಒಲೆ-ಪ್ಯಾನ್ ಸೆಟ್) ಕೊಳ್ಳೋಕೆ ನೋಡಿದ್ದೀವಿ. ಒಲೆ, ಫ್ಲೋಟ್ ಬಾಕ್ಸ್ (ಪ್ಯಾನ್‌ನಲ್ಲಿ ರಸದ ಮಟ್ಟ ಕಾಯೋ ಡಬ್ಬ) ಗಟ್ಟಿಯಾಗಿವೆ. ಪ್ಯಾನ್‌ಗೆ ಮ್ಯಾಗ್ನೆಟ್ ಅಂಟಲ್ಲ, ಹಾಗಾಗಿ ಗ್ಯಾಲ್ವನೈಸ್ಡ್ ತಗಡಲ್ಲ, ಸ್ಟೇನ್‌ಲೆಸ್ಸೇ. ಆದ್ರೆ ಮೂಲೆಗಳಿಗೆ ವೆಲ್ಡಿಂಗ್ ಇಲ್ಲ, ಬರೀ ಸೋಲ್ಡರ್ ಬೆಸುಗೆ. ತಯಾರಿಕೆ ವರ್ಷದ ಪ್ಲೇಟೂ ಇಲ್ಲ. 1995ಕ್ಕಿಂತ ಹಳೇದಾದ್ರೆ ಬೆಸುಗೆಯಲ್ಲಿ ಸೀಸ ಇರಬಹುದು. ರಸ ರಾತ್ರಿಯಿಡೀ ಪ್ಯಾನ್‌ನಲ್ಲೇ ನಿಂತ್ರೆ ಆ ಸೀಸ ಸಿರಪ್‌ಗೆ ಇಳಿಯುತ್ತೆ. ಮಕ್ಕಳು ತಿನ್ನೋ ಪದಾರ್ಥ, ಅಂದಾಜಿಗೆ ಬಿಡೋಕಾಗಲ್ಲ.

ಸೀಸ ತಾಕಿದ್ರೆ ಕೆಂಪಾಗೋ ಕಡ್ಡಿ ಉಜ್ಜಿ ನೋಡೋ ಸ್ವಾಬ್ ಟೆಸ್ಟ್‌ನಲ್ಲಿ ಕೆಂಪು ಬರಲಿಲ್ಲ. ಆದ್ರೆ ಬೆಸುಗೆ ಮೇಲೆ ಶುಗರ್ ಸ್ಯಾಂಡ್ (ರಸ ಕುದಿಸಿದಾಗ ಕೂರೋ ಖನಿಜದ ಪದರ) ಗಟ್ಟಿಯಾಗಿ ಕೂತಿತ್ತು, ಸ್ವಾಬ್ ಲೋಹಕ್ಕೆ ತಾಕಿದ್ದೇ ಅನುಮಾನ.

ವಿನೆಗರ್‌ನಲ್ಲಿ ನೆನೆಸಿ ಪದರ ತೆಗೆದು, ಬೆಸುಗೆ ಸ್ವಲ್ಪ ಕೆರೆದು ಮತ್ತೆ ಸ್ವಾಬ್ ಹಾಕಿದ್ರೆ ಆ ಫಲಿತಾಂಶ ನಂಬಬಹುದಾ? ಅಥವಾ ಎಕ್ಸ್‌ಆರ್‌ಎಫ್ (ಎಕ್ಸ್-ರೇ ಹಾಯಿಸಿ ಯಾವ ಲೋಹ ಇದೆ ಅಂತ ತೋರಿಸೋ) ಯಂತ್ರದಲ್ಲಿ ನೋಡಿಸಿದ ಮೇಲೇ ದುಡ್ಡು ಕೊಡ್ಬೇಕಾ?