ಹೊಸ ಮರಿ ಬಂದ ಮೇಲೆ ಹಳೆಯ ಎರಡು ಬೆಕ್ಕುಗಳೇ ಹೊಡೆದಾಡುತ್ತಿವೆ, ಎಲ್ಲಾ ಮಾಡಿ ನೋಡಿದೆ

ಪೆರ್ಲದ_ಅಂಗಳ | ಜುಲೈ 24, ರಾತ್ರಿ 11:42

ತಲೆ ಕೆಟ್ಟು ಬರೆಯುತ್ತಿದ್ದೇನೆ. ಮನೆಯಲ್ಲಿ ಮೊದಲೇ ಎರಡು ಬೆಕ್ಕುಗಳಿವೆ, ಕೆಂಚಿ ಮತ್ತು ಬೊಳ್ಳ. ಆರು ವರ್ಷದಿಂದ ಒಂದೇ ಗೋಣಿಯ ಮೇಲೆ ಮಲಗುತ್ತಿದ್ದವು. 11 ದಿನದ ಹಿಂದೆ ಒಂದು ಮರಿ ತಂದೆ. ಇಲ್ಲಿ ಹಿಂದೆ ನೀವೆಲ್ಲ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದೇನೆ. ಬೇರೆ ಕೋಣೆ, ವಾಸನೆ ಪರಿಚಯಕ್ಕೆ ಮರಿಯ ಬಟ್ಟೆ ಇವಕ್ಕೆ ಇವುಗಳ ಬಟ್ಟೆ ಮರಿಗೆ, ಬಾಗಿಲಿನ ಎರಡೂ ಬದಿ ಊಟ, ಎಲ್ಲಾ ಆಯ್ತು.

ಮೊದಲ ವಾರ ಬರೀ ಬುಸ್ ಬುಸ್. ಅದಿರಲಿ. ಆದರೆ ಮೂರು ದಿನದಿಂದ ಕೆಂಚಿಗೂ ಬೊಳ್ಳನಿಗೂ ಜಗಳ. ಮರಿಯ ತಂಟೆಗೆ ಇಬ್ಬರೂ ಹೋಗುವುದಿಲ್ಲ! ನಿನ್ನೆ ಬೊಳ್ಳನ ಕಿವಿ ಹರಿದಿದೆ. ಕೆಂಚಿ ಅಡಕೆ ಮೂಟೆ ಹತ್ತಿ ಕೂತರೆ ಇಳಿಯುವುದಿಲ್ಲ. ಮನೆಯೆಲ್ಲಾ ಮೂತ್ರದ ವಾಸನೆ ಬೇರೆ. ಮರಿಯನ್ನು ತಂದಲ್ಲಿಗೇ ಬಿಟ್ಟು ಬಾ ಅಂತ ಅತ್ತೆ ಹೇಳುತ್ತಿದ್ದಾರೆ. ಬೇಗ ಏನಾದರೂ ಹೇಳಿ.

ಹೊಸೂರು_ಮೂರನೇ_ಮಹಡಿ | ಜುಲೈ 25, ಬೆಳಿಗ್ಗೆ 6:10

ಬೆಕ್ಕುಗಳ ಮಲಮೂತ್ರಕ್ಕೆ ಟ್ರೇ ಎಷ್ಟು ಇಟ್ಟಿದ್ದೀರಿ? ಮೂರು ಬೆಕ್ಕು ಅಂದರೆ ನಾಲ್ಕು ಟ್ರೇ ಬೇಕು. ಬೆಕ್ಕಿಗೊಂದು, ಮೇಲೊಂದು. ನಾಲ್ಕನ್ನೂ ಒಂದೇ ಮೂಲೆಯಲ್ಲಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಟ್ರೇ. ಮೂತ್ರದ ವಾಸನೆ ಅಂದ ತಕ್ಷಣ ನನಗೆ ಗೊತ್ತಾಯಿತು.

ಪೆರ್ಲದ_ಅಂಗಳ | ಬೆಳಿಗ್ಗೆ 7:30

ಟ್ರೇಯಾ? ಸುತ್ತ ತೋಟ ಇದೆಯಲ್ಲ. ಮರಿಯ ಕೋಣೆಯಲ್ಲಿ ಒಂದು ಬೇಸಿನ್ನಿಗೆ ಹೊಯ್ಗೆ (ಮರಳು) ಹಾಕಿ ಇಟ್ಟಿದ್ದೇನೆ.

ಹೊಸೂರು_ಮೂರನೇ_ಮಹಡಿ | ಬೆಳಿಗ್ಗೆ 7:34

ಸಿಕ್ಕಿತಲ್ಲ! ಈ ಮಳೆಯಲ್ಲಿ ಯಾವ ಬೆಕ್ಕು ತೋಟಕ್ಕೆ ಹೋಗುತ್ತೆ? ಇವತ್ತೇ ಇನ್ನೂ ಮೂರು ಇಡಿ. ಮುಚ್ಚಳ ಇಲ್ಲದ ದೊಡ್ಡ ಟ್ರೇ ಇರಲಿ. ಬೆಕ್ಕಿನ ಉದ್ದದ ಒಂದೂವರೆ ಪಟ್ಟು.

ಅಕ್ಕಲಕೋಟ_ಐದು_ಬೆಕ್ಕು | ಬೆಳಿಗ್ಗೆ 9:05

ಟ್ರೇ ಆಮೇಲೆ ನೋಡೋಣ ರೀ. ಬೆಕ್ಕುಗಳಿಗೆ ಟೆನ್ಶನ್ ಆಗಿದೆ, ಅಷ್ಟೇ. ಫೆರೋಮೋನ್ ಡಿಫ್ಯೂಸರ್ ತಂದು ಪ್ಲಗ್ಗಿಗೆ ಹಾಕಿ. ಬೆಕ್ಕು ಕೆನ್ನೆ ಉಜ್ಜಿದಾಗ ಬಿಡುವ ವಾಸನೆಯ ನಕಲು ಅದು, ನಮಗೆ ಗೊತ್ತಾಗುವುದಿಲ್ಲ. ಒಂದು ಬಾಟಲಿ ಒಂದು ತಿಂಗಳು ಬರುತ್ತೆ. ನಾನು ಐದನೇ ಬೆಕ್ಕು ತಂದಾಗ ಎರಡು ಹಾಕಿದ್ದೆ. ಒಂದು ಹಾಲಿನಲ್ಲಿ, ಇನ್ನೊಂದು ಟೆರೇಸಿನ ಪಂಜರದ ಕೋಣೆಯಲ್ಲಿ. ಆ ಪಂಜರ 12 ಅಡಿಗೆ 8 ಅಡಿ, ಕಬ್ಬಿಣದ ಫ್ರೇಮು, ಮೂರು ಮೆಟ್ಟಿಲು ಹಲಗೆ, ರಾತ್ರಿ ನೋಡಲು ಕ್ಯಾಮೆರಾ. ಸೋಲಾಪುರದ ವೆಲ್ಡರ್ ಹತ್ತಿರ ಮಾಡಿಸಿದ್ದು. ಫೋಟೊ ಬೇಕಾದರೆ ಹಾಕುತ್ತೇನೆ.

ಪೆರ್ಲದ_ಅಂಗಳ | ಬೆಳಿಗ್ಗೆ 9:40

ಆಟಿ ತಿಂಗಳ ಈ ಮಳೆಯಲ್ಲಿ ನಮ್ಮಲ್ಲಿ ಕರೆಂಟು ಇರುವುದೇ ಅಪರೂಪ. ಪ್ಲಗ್ಗಿಗೆ ಹಾಕುವುದು ಬಿಟ್ಟು ಬೇರೆ ಹೇಳಿ. ಹಳೆಯ ಹೆಂಚಿನ ಮನೆ ಬೇರೆ, ಒಂದು ಕೋಣೆಯ ಗಾಳಿ ಅಟ್ಟದ ಮೇಲಿಂದ ಇನ್ನೊಂದು ಕೋಣೆಗೆ ಹೋಗುತ್ತದೆ.

ಮಡಕಶಿರಾ_ರೇಷ್ಮೆಮನೆ | ಬೆಳಿಗ್ಗೆ 10:15

ಅಕ್ಕ, ವಾಸನೆ ಆಯಿತು, ಮುಖ ತೋರಿಸಿದಿರಾ? ಬಾಗಿಲು ಮುಚ್ಚಿದ ಹಂತ ಮುಗಿದ ಮೇಲೆ ನಡುವೆ ಬಲೆ ಇರಬೇಕು. ಒಬ್ಬರನ್ನೊಬ್ಬರು ನೋಡಬೇಕು, ಮುಟ್ಟಬಾರದು. ನಾನು ರೇಷ್ಮೆ ಹುಳುಮನೆ ಬಾಗಿಲಿಗೆ, ಹುಳುವಿಗೆ ಕಾಟ ಕೊಡುವ ಊಜಿ ನೊಣ ಬಾರದ ಹಾಗೆ ಹಾಕುವ ಬಲೆಯನ್ನೇ ಫ್ರೇಮಿಗೆ ಹೊಡೆದು ನಿಲ್ಲಿಸಿದ್ದೆ. ಬಲೆಯ ಎರಡೂ ಕಡೆ ದೂರದಲ್ಲಿ ತಟ್ಟೆ ಇಟ್ಟು, ದಿನಾ ಒಂದು ಗೇಣು ಹತ್ತಿರ ತಂದೆ. ಒಂಬತ್ತನೇ ದಿನ ಮೂತಿಗೆ ಮೂತಿ ಇಟ್ಟುಕೊಂಡು ತಿಂದವು.

ಅಕ್ಕಲಕೋಟ_ಐದು_ಬೆಕ್ಕು | ಬೆಳಿಗ್ಗೆ 10:22

ನೈಲಾನ್ ಬಲೆ ದೊಡ್ಡ ಬೆಕ್ಕಿಗೆ ಎರಡು ನಿಮಿಷದ ಕೆಲಸ. ಕಬ್ಬಿಣದ ತಂತಿಯ ವೆಲ್ಡ್ ಮೆಶ್ ಹಾಕಬೇಕು.

ಮಡಕಶಿರಾ_ರೇಷ್ಮೆಮನೆ | ಬೆಳಿಗ್ಗೆ 10:25

ನನ್ನ ಬೆಕ್ಕು ಹರಿಯಲಿಲ್ಲ. ನಿಮ್ಮವು ಪಂಜರದಲ್ಲಿ ಬೆಳೆದವು, ಅದಕ್ಕೆ ಹರಿಯುತ್ತವೆ ಅನ್ನಿಸುತ್ತೆ.

ಅಕ್ಕಲಕೋಟ_ಐದು_ಬೆಕ್ಕು | ಬೆಳಿಗ್ಗೆ 10:27

ಅದು ಪಂಜರ ಅಲ್ಲ ರೀ, ಬೆಕ್ಕುಗಳ ಗ್ಯಾಲರಿ.

ಮಂಜೇಶ್ವರ_ಮಾವಿನಡಿ | ಮಧ್ಯಾಹ್ನ 1:50

ಬಲೆಯ ಜಗಳ ಆಮೇಲೆ ಮಾಡಿ ಮಾರಾಯರೇ. ಪೆರ್ಲದವರೇ, ಮರಿಯನ್ನು ಎಷ್ಟು ದಿನ ಬೇರೆ ಇಟ್ಟಿರಿ? ಎಲ್ಲಿಂದ ತಂದದ್ದು? ಲಸಿಕೆ ಆಗಿದೆಯಾ? ಬೊಳ್ಳನಿಗೆ ಮರಿ ಆಗದ ಹಾಗೆ ಮಾಡುವ ಆಪರೇಷನ್ ಆಗಿದೆಯಾ? ಇದೆಲ್ಲ ನೀವು ಬರೆದೇ ಇಲ್ಲ.

ಪೆರ್ಲದ_ಅಂಗಳ | ಮಧ್ಯಾಹ್ನ 2:20

ಬೊಳ್ಳ, ಕೆಂಚಿ ಇಬ್ಬರದ್ದೂ ಆಪರೇಷನ್ ಆಗಿ ವರ್ಷಗಳಾದವು. ಮರಿಗೆ ಎರಡೂವರೆ ತಿಂಗಳು ಇರಬಹುದು. ಕುಂಬಳೆ ಪೇಟೆಯಲ್ಲಿ ಮೀನಿನ ಅಂಗಡಿ ಹತ್ತಿರ ಮಳೆಯಲ್ಲಿ ನೆನೆದು ಕೂತಿತ್ತು, ಎತ್ತಿಕೊಂಡು ಬಂದೆ. ಲಸಿಕೆ ಮುಂದಿನ ವಾರ ಹಾಕಿಸಬೇಕು. ಬೇರೆ ಇಟ್ಟದ್ದು ಮೂರು ದಿನ. ಆಮೇಲೆ ಅದು ಕೂಗಿ ಕೂಗಿ ಬಾಗಿಲು ಕೆರೆದು ಪಾಪ ಅನ್ನಿಸಿತು. ಈಗ ರಾತ್ರಿ ಮಾತ್ರ ಪಡುಕೋಣೆಯಲ್ಲಿ ಹಾಕುತ್ತೇನೆ.

ಮಂಜೇಶ್ವರ_ಮಾವಿನಡಿ | ಮಧ್ಯಾಹ್ನ 2:45

ಮೂರೇ ದಿನ! ಎಲ್ಲಾ ಮಾಡಿದ್ದೇನೆ ಅಂತ ಬರೆದಿದ್ದೀರಿ.

ಜಗಳಕ್ಕಿಂತ ಮೊದಲು ಇದನ್ನು ಕೇಳಿ. ಬೀದಿಯ ಮರಿ ತಂದರೆ ಎರಡು ವಾರ ಪೂರ್ತಿ ಬೇರೆ ಇಡಬೇಕು. ಹಳೆಯ ಬೆಕ್ಕುಗಳ ಮನಸ್ಸಿಗೋಸ್ಕರ ಅಷ್ಟೇ ಅಲ್ಲ, ಪ್ಯಾನ್‌ಲ್ಯೂಕೋಪೀನಿಯಾ ಅಂತ ಒಂದು ವೈರಸ್ ರೋಗ ಇದೆ. ಸೋಂಕು ತಗಲಿದ ಮೇಲೆ ವಾಂತಿ ಭೇದಿ ಕಾಣಲು ಹತ್ತು ದಿನದ ತನಕ ಹಿಡಿಯಬಹುದು. ಅಲ್ಲಿಯ ತನಕ ಮರಿ ಚುರುಕಾಗಿ ಆಡಿಕೊಂಡೇ ಇರುತ್ತದೆ. ನಾನು ಒಂದೇ ವಾರದಲ್ಲಿ ಮೂರು ಮರಿಗಳನ್ನು ಮಾವಿನ ಮರದ ಬುಡದಲ್ಲಿ ಮಣ್ಣು ಮಾಡಿದವಳು. ಆ ವೈರಸ್ ನೆಲದಲ್ಲಿ ಒಂದು ವರ್ಷದ ತನಕ ಉಳಿಯುತ್ತದೆ. ಸೋಪಿಗೆ ಸಾಯುವುದಿಲ್ಲ. ಬ್ಲೀಚ್ ಒಂದು ಪಾಲಿಗೆ ನೀರು 32 ಪಾಲು ಹಾಕಿ, ಹತ್ತು ನಿಮಿಷ ಬಿಟ್ಟು ಒರೆಸಬೇಕು. ಒಣಗುವ ತನಕ ಬೆಕ್ಕು ಬಿಡಬೇಡಿ.

ಲಸಿಕೆ ಆರರಿಂದ ಎಂಟು ವಾರಕ್ಕೇ ಶುರು. ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವ ತನಕ. ರೇಬಿಸ್ ಮೂರು ತಿಂಗಳು ತುಂಬಿದ ಮೇಲೆ. ಮುಂದಿನ ವಾರ ಅನ್ನಬೇಡಿ, ನಾಳೆಯೇ ಹೋಗಿ. ಹಳೆಯವಕ್ಕೂ ಬಾಕಿ ಇದ್ದರೆ ಹಾಕಿಸಿ.

ಪೆರ್ಲದ_ಅಂಗಳ | ಜುಲೈ 26, ಸಂಜೆ 6:15

ಮರಿಗೆ ಲಸಿಕೆ ಆಯಿತು, ಆರೋಗ್ಯ ಚೆನ್ನಾಗಿದೆ ಅಂದರು. ಬೊಳ್ಳನ ಕಿವಿಯನ್ನೂ ತೋರಿಸಿದೆ. ಆದರೆ ಬೊಳ್ಳ ಬುಟ್ಟಿಯಿಂದ ಹೊರಗೆ ಕಾಲಿಟ್ಟದ್ದೇ ತಡ, ಕೆಂಚಿ ಮೊದಲಿಗಿಂತ ಜೋರಾಗಿ ಎರಗಿದಳು. ಈಗ ಅವನು ಅಟ್ಟದಲ್ಲಿ. ಇದೇನು ಗ್ರಹಚಾರ. ಗಾಯಕ್ಕೆ ಮನೆಯಲ್ಲಿದ್ದ ಡೆಟಾಲ್ ಹಚ್ಚಲಾ?

ಮಂಜೇಶ್ವರ_ಮಾವಿನಡಿ | ಸಂಜೆ 6:18

ಡೆಟಾಲ್ ಬೇಡ!! ಬೆಕ್ಕಿಗೆ ಅದು ವಿಷ. ಮೈ ನೆಕ್ಕಿಕೊಳ್ಳುತ್ತದೆ, ಹೊಟ್ಟೆಗೆ ಹೋಗುತ್ತದೆ. ನೆಲಕ್ಕೆ ಫಿನೈಲ್ ಹಾಕುತ್ತಿದ್ದರೆ ಅದೂ ನಿಲ್ಲಿಸಿ. ನೋವಿಗೆ ಅಂತ ಪ್ಯಾರಾಸಿಟಮಾಲ್ ಚೂರು ಕೊಡುವವರೂ ಇದ್ದಾರೆ, ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ಗಾಯಕ್ಕೆ ಡಾಕ್ಟರ್ ಕೊಟ್ಟದ್ದು ಮಾತ್ರ.

ಕೆಂಚಿ ಎರಗಿದ್ದು ಆಸ್ಪತ್ರೆ ವಾಸನೆಗೆ. ಬೆಕ್ಕಿಗೆ ಗುರುತು ಅಂದರೆ ವಾಸನೆ. ಅವಳ ಲೆಕ್ಕದಲ್ಲಿ ಮನೆಗೆ ಬಂದದ್ದು ಬೊಳ್ಳ ಅಲ್ಲ, ಬೊಳ್ಳನ ಹಾಗೆ ಕಾಣುವ ಯಾರೋ. ಒಂದು ದಿನ ಬೇರೆ ಇಡಿ. ಕೆಂಚಿಯ ಗೋಣಿಯ ಮೇಲೆ ಅವನನ್ನು ಮಲಗಿಸಿ.

ಹೊಸೂರು_ಮೂರನೇ_ಮಹಡಿ | ಸಂಜೆ 7:00

ಆಸ್ಪತ್ರೆ ಇವತ್ತಿನ ಮಾತು. ಜಗಳ ಶುರುವಾಗಿ ಐದು ದಿನ ಆಯಿತಲ್ಲ? ಟ್ರೇ ಇಟ್ಟಿರಾ?

ಅಕ್ಕಲಕೋಟ_ಐದು_ಬೆಕ್ಕು | ಸಂಜೆ 7:20

ಊಟ ಏನು ಹಾಕುತ್ತೀರಿ? ಹೊಟ್ಟೆ ತುಂಬದಿದ್ದರೂ ಜಗಳ ಆಡುತ್ತವೆ.

ಪೆರ್ಲದ_ಅಂಗಳ | ಸಂಜೆ 7:45

ನಮ್ಮದು ಸಸ್ಯಾಹಾರಿ ಮನೆ. ಹಳೆಯವಕ್ಕೆ ಹಾಲು ಅನ್ನ, ಮೊಸರನ್ನ, ಸ್ವಲ್ಪ ಪ್ಯಾಕೆಟ್ಟಿನ ಕಾಳು.

ಅಕ್ಕಲಕೋಟ_ಐದು_ಬೆಕ್ಕು | ಸಂಜೆ 7:48

ಬೆಕ್ಕಿಗೆ ಮೊಸರನ್ನವಾ! ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಅನ್ನುವ ಪೋಷಕಾಂಶ ಎಲ್ಲಿಂದ ಬರುತ್ತೆ? ಅದು ಮುಖ್ಯವಾಗಿ ಮಾಂಸ, ಮೀನಿನಲ್ಲಿ ಇರುವುದು. ಕಡಿಮೆಯಾದರೆ ಹೃದಯ, ಕಣ್ಣು ಎರಡೂ ಹೋಗುತ್ತವೆ.

ಮಡಕಶಿರಾ_ರೇಷ್ಮೆಮನೆ | ರಾತ್ರಿ 8:10

ನಮ್ಮ ಅಜ್ಜಿ ಮನೆ ಬೆಕ್ಕು ಮೊಸರನ್ನ ತಿಂದೇ 14 ವರ್ಷ ಬದುಕಿತ್ತು.

ಅಕ್ಕಲಕೋಟ_ಐದು_ಬೆಕ್ಕು | ರಾತ್ರಿ 8:12

ಮೊಸರನ್ನ ಅಜ್ಜಿಯ ಮುಂದೆ. ಇಲಿ ಅಜ್ಜಿಯ ಹಿಂದೆ.

ಮಡಕಶಿರಾ_ರೇಷ್ಮೆಮನೆ | ರಾತ್ರಿ 8:15

ಅದೂ ಹೌದು ಅನ್ನಿ. ಹುಳುಮನೆಗೆ ಬೆಕ್ಕು ತರುವುದೇ ಇಲಿಗೋಸ್ಕರ. ಗೂಡು ಕಟ್ಟಲು ಹಣ್ಣಾದ ಹುಳುವನ್ನು ಇಲಿ ಬಿಡುವುದಿಲ್ಲ. ಈಗ ನಮ್ಮಲ್ಲಿ ನಾಲ್ಕಿವೆ, ಒಂದಕ್ಕೆ ಬಾಲ ಇಲ್ಲ. ಅದರ ಕಥೆ ಬೇರೆಯೇ ಇದೆ, ಇನ್ನೊಮ್ಮೆ ಬರೆಯುತ್ತೇನೆ.

ಮಂಜೇಶ್ವರ_ಮಾವಿನಡಿ | ರಾತ್ರಿ 9:30

"ಹಳೆಯವಕ್ಕೆ" ಅಂತ ಬರೆದಿದ್ದೀರಿ. ಹಾಗಾದರೆ ಮರಿಗೆ ಏನು? ಮೀನಿನ ಅಂಗಡಿ ಬುಡದ ಮರಿ ಮೊಸರನ್ನ ಮೂಸುವುದೂ ಇಲ್ಲ, ನನಗೆ ಗೊತ್ತು.

ಪೆರ್ಲದ_ಅಂಗಳ | ರಾತ್ರಿ 10:05

ಅದೇ ಕಷ್ಟ. ಮೊದಲ ದಿನ ಏನೂ ತಿನ್ನಲಿಲ್ಲ. ಪಕ್ಕದ ಮನೆಯವರು ಬೂತಾಯಿ ಮೀನು ತಂದಾಗಲೆಲ್ಲ ಉಪ್ಪು ಹಾಕದೆ ಎರಡು ಬೇಯಿಸಿ ಕೊಡುತ್ತಾರೆ. ಬೋಟುಗಳಿಗೆ ಜುಲೈ 31ರ ತನಕ ರಜೆ, ಮೀನಿಗೆ ರೇಟು ಜಾಸ್ತಿ, ಆದರೂ ಕೊಡುತ್ತಾರೆ. ಅತ್ತೆ ಒಳಗೆ ತರಲು ಬಿಡುವುದಿಲ್ಲ. ಹಾಗಾಗಿ ಬಚ್ಚಲು ಕೊಟ್ಟಿಗೆಯ ಹಿಂದಿನ ಜಗಲಿಯಲ್ಲಿ ಹಾಕುತ್ತೇನೆ. ಇದಕ್ಕೂ ಜಗಳಕ್ಕೂ ಏನು ಸಂಬಂಧ?

ಮಂಜೇಶ್ವರ_ಮಾವಿನಡಿ | ರಾತ್ರಿ 10:11

ಉಳಿದ ಮುಳ್ಳು, ತಲೆ ಎಲ್ಲಿ ಬಿಸಾಡುತ್ತೀರಿ? ಜಗಳ ಎಷ್ಟು ಗಂಟೆಗೆ ಆಗುತ್ತದೆ? ಮನೆಯ ಯಾವ ಬದಿಯಲ್ಲಿ? ವಾಸನೆ ನಿಜವಾಗಿ "ಮನೆಯೆಲ್ಲಾ" ಇದೆಯಾ, ಅಥವಾ ಒಂದು ಕಡೆ ಮಾತ್ರವಾ?

ಪೆರ್ಲದ_ಅಂಗಳ | ರಾತ್ರಿ 10:30

ಅಲ್ಲೇ ತೆಂಗಿನ ಬುಡಕ್ಕೆ. ಜಗಳ ರಾತ್ರಿ ಎರಡು, ಎರಡೂವರೆಗೆ. ಪಡು ಬದಿಯ ಕಿಟಕಿ ಹತ್ತಿರ. ವಾಸನೆ... ಈಗ ಮೂಸಿ ಬಂದೆ. ಪಡು ಬಾಗಿಲಿನ ಹೊರಗೆ ಜಾಸ್ತಿ, ಒಳಗೆ ಅಷ್ಟಿಲ್ಲ. ಬಾಗಿಲಲ್ಲಿ ಮೊಣಕಾಲೆತ್ತರಕ್ಕೆ ಗೆರೆ ಇಳಿದ ಹಾಗೆ ಕಲೆ.

ಮಂಜೇಶ್ವರ_ಮಾವಿನಡಿ | ರಾತ್ರಿ 10:34

ಇವತ್ತು ರಾತ್ರಿ ಟಾರ್ಚ್ ಹಿಡಿದು ಕೂರಿ. ಹೊರಗಿನಿಂದ ಒಬ್ಬ ಬರುತ್ತಿದ್ದಾನೆ.

ಹೊಸೂರು_ಮೂರನೇ_ಮಹಡಿ | ರಾತ್ರಿ 10:50

ಹೊರಗಿನ ಬೆಕ್ಕು ಬಂದರೆ ಇವೆರಡು ತಮ್ಮೊಳಗೆ ಯಾಕೆ ಹೊಡೆದಾಡಬೇಕು? ಒಟ್ಟಾಗಿ ಅದನ್ನು ಓಡಿಸಬೇಕು ತಾನೇ. ನನಗೆ ಒಪ್ಪಿಗೆ ಆಗುತ್ತಿಲ್ಲ.

ಪೆರ್ಲದ_ಅಂಗಳ | ಜುಲೈ 27, ಬೆಳಿಗ್ಗೆ 5:50

ನಿದ್ದೆ ಇಲ್ಲ. ಆದರೆ ಕಂಡಿತು.

ಎರಡೂ ಹತ್ತಕ್ಕೆ ಬಚ್ಚಲು ಕೊಟ್ಟಿಗೆಯ ಹೆಂಚಿನ ಮೇಲಿಂದ ದಡ್ ಅಂತ ಹಾರಿತು. ಬೂದು ಬಣ್ಣದ ಗಡವ, ದೊಡ್ಡ ಗಂಡು ಬೆಕ್ಕು. ತಲೆ ತೆಂಗಿನಕಾಯಿಯಷ್ಟು ಇದೆ. ಇಲ್ಲಿಯವರು ಕಂಡನ್ ಪೂಚ್ಚ ಅನ್ನುವುದು ಇಂಥದ್ದಕ್ಕೇ. ತೆಂಗಿನ ಬುಡದಲ್ಲಿ ಮೀನಿನ ತಲೆ ತಿಂದು, ಬಾಗಿಲಿಗೆ ಬೆನ್ನು ಹಾಕಿ ಬಾಲ ನಡುಗಿಸಿ ಮೂತ್ರ ಹೊಡೆದ. ಆಮೇಲೆ ಕಿಟಕಿಯ ಮರದ ದಳಿಗಳ ಆಚೆ ಕೂತು ಒಳಗೆ ನೋಡುತ್ತಾನೆ. ಕೆಂಚಿ ಈಚೆ, ಮೈಯೆಲ್ಲಾ ಕೂದಲು ನಿಮಿರಿ. ಬೊಳ್ಳನನ್ನು ನಾನು ಚಾವಡಿಯಲ್ಲಿ ಕೂಡಿ ಹಾಕಿದ್ದೆ, ಅದಕ್ಕೆ ಬಚಾವ್. ಅವಳು ತಿರುಗಿ ನನ್ನ ಕಾಲಿಗೇ ಉಗುರು ಹಾಕಿದಳು. ಮರಿ ಮಾತ್ರ ಅದೇ ಕೋಣೆಯ ಮೂಲೆಯಲ್ಲಿ ಹೊಟ್ಟೆ ಮೇಲೆ ಮಾಡಿ ನಿದ್ದೆ.

ಮಂಜೇಶ್ವರ_ಮಾವಿನಡಿ | ಬೆಳಿಗ್ಗೆ 7:15

ಮೊದಲು ಕಾಲಿನ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಆಮೇಲೆ ಡಾಕ್ಟರಿಗೆ ತೋರಿಸಿ. ಸದರ ಮಾಡಬೇಡಿ, ಹೊರಗಿನ ಬೆಕ್ಕು ಓಡಾಡುವ ಜಾಗ ಅದು.

ಹೊಸೂರಿನವರಿಗೆ ಉತ್ತರ ಪೆರ್ಲದವರ ಕಾಲಿನಲ್ಲೇ ಇದೆ. ಕಿಟಕಿ ಆಚೆಯವನು ಕೈಗೆ ಸಿಗುವುದಿಲ್ಲ, ಕೋಪ ಇಳಿಯುವುದಿಲ್ಲ, ಪಕ್ಕದಲ್ಲಿ ಯಾರು ಇದ್ದರೋ ಅವರಿಗೆ ಬೀಳುತ್ತದೆ. ಮೊದಲ ಸಲ ಬಿದ್ದದ್ದು ಬೊಳ್ಳನಿಗೆ. ಅವತ್ತಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕಂಡರೆ ಹೆದರುತ್ತಿದ್ದಾರೆ. ಈ ಮಳೆಗೆ ಹೊರಗೆ ಹೋಗಿ ತಣ್ಣಗಾಗಲು ಜಾಗವೂ ಇಲ್ಲ.

ಮೀನನ್ನು ಬೆಳಗ್ಗೆ ಹಾಕಿ, ಉಳಿದದ್ದನ್ನು ಮಣ್ಣಿನಲ್ಲಿ ಆಳವಾಗಿ ಹೂತುಬಿಡಿ. ಕಿಟಕಿಯ ಕೆಳಗಿನ ಅರ್ಧಕ್ಕೆ ರಟ್ಟು ಹೊಡೆಯಿರಿ, ಕಣ್ಣಿಗೆ ಕಾಣಬಾರದು. ಬಾಗಿಲನ್ನು ಎನ್ಜೈಮ್ ಇರುವ ಕ್ಲೀನರ್‌ನಲ್ಲಿ ತೊಳೆಯಿರಿ. ಅಮೋನಿಯಾ ಇರುವುದು ಬೇಡ, ಅದರ ವಾಸನೆ ಮೂತ್ರದ ಹಾಗೇ, ಪುನಃ ಅಲ್ಲೇ ಹೊಡೆಯುತ್ತಾನೆ. ಕೆಂಚಿ, ಬೊಳ್ಳನನ್ನು ಹೊಸಬರ ಹಾಗೆ ಮೊದಲಿನಿಂದ ಪರಿಚಯ ಮಾಡಿಸಬೇಕು. ಮರಿಗೆ ಮಾಡಿದ ಮೂರು ದಿನದ ಹಾಗಲ್ಲ, ನಿಧಾನಕ್ಕೆ.

ಅಕ್ಕಲಕೋಟ_ಐದು_ಬೆಕ್ಕು | ಬೆಳಿಗ್ಗೆ 8:40

ಕ್ಯಾಮೆರಾ ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ನನ್ನದು ಕತ್ತಲಲ್ಲೂ 30 ಅಡಿ ತನಕ ನೋಡುತ್ತೆ.

ಮಡಕಶಿರಾ_ರೇಷ್ಮೆಮನೆ | ಬೆಳಿಗ್ಗೆ 9:00

ಕರೆಂಟ್ ಇಲ್ಲ ಅಂದರಲ್ಲ ಅಕ್ಕ.

ಪೆರ್ಲದ_ಅಂಗಳ | ಆಗಸ್ಟ್ 9, ಸಂಜೆ 5:20

ತಡವಾಯಿತು, ಕ್ಷಮಿಸಿ. ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನ ಫೋನ್ ಚಾರ್ಜ್ ಇರಲಿಲ್ಲ. ನನಗೂ ರೇಬಿಸ್ ಇಂಜೆಕ್ಷನ್ ಶುರುವಾಗಿದೆ.

ಗಡವ ಎರಡು ರಾತ್ರಿ ಬಂದ, ಮೀನಿಲ್ಲ ಅಂತ ಹೋದ. ಈಗ ಪಕ್ಕದ ಮನೆ ಮಾಡಿನ ಮೇಲೆ ಕೂಗುತ್ತಾನೆ, ಅದು ಇನ್ನೊಂದು ರಗಳೆ. ಬೊಳ್ಳ, ಕೆಂಚಿ ಬಾಗಿಲಿನ ಆಚೆ ಈಚೆ ತಿನ್ನುತ್ತಾರೆ. ನಿನ್ನೆ ಬಾಗಿಲು ನಾಲ್ಕು ಬೆರಳು ತೆರೆದಿಟ್ಟೆ, ಕೆಂಚಿ ಒಮ್ಮೆ ಬುಸ್ ಅಂದು ತಟ್ಟೆಗೆ ಬಾಯಿ ಹಾಕಿದಳು. ಒಂದೇ ಗೋಣಿ ಇನ್ನೂ ಇಲ್ಲ. ಮರಿ ಅತ್ತೆಯ ಮಡಿಲಲ್ಲಿ ಇದೆ. ವಾಪಸು ಬಿಡುವ ಮಾತು ಈಗ ಯಾರೂ ಎತ್ತುವುದಿಲ್ಲ. ಜಗಲಿಯ ಮೂಲೆಯಲ್ಲಿ ಮೀನಿಗೆ ಬೇರೆ ತಟ್ಟೆ ಇಟ್ಟದ್ದೂ ಅತ್ತೆಯೇ.

ಹೊಸೂರು_ಮೂರನೇ_ಮಹಡಿ | ಸಂಜೆ 5:31

ಸಂತೋಷ. ಟ್ರೇ ಎಷ್ಟು ಇಟ್ಟಿರಿ ಅಂತ ಕೊನೆಗೂ ಹೇಳಲಿಲ್ಲ.