ಬಿಲದ ಬಾಯಿ ಮುಚ್ಚಿಕೊಂಡಿರುವ ಟ್ರಿನಿಡಾಡ್‌ನ ಕುಳ್ಳ ಟರಾಂಟುಲಾ: ಅಗೆದು ನೋಡಬಹುದೇ?

ಪ್ರಶ್ನೆ (ಲೀಡ್ಸ್ ಕನ್ನಡಿಗ):
ನಮಸ್ಕಾರ. ಇಂಗ್ಲೆಂಡಿನಲ್ಲಿರುವ ನಾನು ಸಿರಿಯೋಕಾಸ್ಮಸ್ ಎಲೆಗನ್ಸ್ ಎಂಬ ಕುಳ್ಳ ಟರಾಂಟುಲಾ (ಮೈತುಂಬ ರೋಮವಿರುವ ಜೇಡ) ಒಂದನ್ನು ಸಾಕುತ್ತಿದ್ದೇನೆ. ಕೆಲವು ವಾರಗಳಿಂದ ಅದು ಬಿಲದ ಬಾಯಿಗೆ ಮಣ್ಣು ಮೆತ್ತಿದ ಬಲೆಯನ್ನು ಹೊದಿಸಿ ಒಳಗೇ ಉಳಿದಿದೆ. ಅದರ ಆಹಾರಕ್ಕೆಂದು ಬಿಟ್ಟ ಕ್ರಿಕೆಟ್ ಹುಳು ಮೇಲೆಯೇ ಓಡಾಡಿಕೊಂಡಿದೆ. ಜೇಡ ಸತ್ತಿರಬಹುದೇ? ಅಗೆದು ನೋಡಲೇ? ಚಳಿಗಾಲವಾದ್ದರಿಂದ ಡಬ್ಬಿಯ ಅಡಿಯಲ್ಲಿ ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಬಿಸಿಯಾಗುವ ಹಾಸು) ಇಡಬೇಕೆಂದಿದ್ದೇನೆ.

ಉತ್ತರ (ಎಂಟುಕಾಲು):
ದಯವಿಟ್ಟು ಅಗೆಯಬೇಡಿ. ಪೂರ್ಣ ಬೆಳೆದರೂ ಕಾಲು ಚಾಚಿದಾಗ ಸುಮಾರು 4–5 ಸೆಂ.ಮೀ. ಇರುವ ಈ ಜೇಡ ಪೊರೆ ಕಳಚುವ ಮೊದಲು ಹೀಗೆ ಬಾಗಿಲು ಹಾಕಿಕೊಳ್ಳುವುದು ಸಹಜ. ಅಂಗಾತ ಮಲಗಿ ಪೊರೆ ಕಳಚುತ್ತಿರುವಾಗ ಮಣ್ಣು ಕುಸಿದರೆ ಅದರ ಜೀವಕ್ಕೇ ಅಪಾಯ. ಹುಳುವನ್ನು ಇಂದೇ ಹೊರತೆಗೆಯಿರಿ, ಏಕೆಂದರೆ ಮೈ ಮೆತ್ತಗಿರುವ ಜೇಡವನ್ನು ಹಸಿದ ಹುಳುವೇ ಕಚ್ಚಿ ತಿನ್ನಬಲ್ಲದು. ಹೀಟ್ ಮ್ಯಾಟ್ ಅಡಿಯಲ್ಲಂತೂ ಬೇಡ: ಬಿಸಿಯಿಂದ ತಪ್ಪಿಸಿಕೊಳ್ಳಲು ಬಿಲ ತೋಡುವ ಪ್ರಾಣಿಗೆ ಕೆಳಗಿನಿಂದಲೇ ಬಿಸಿ ಬಂದರೆ ಹೋಗಲು ಜಾಗವಿರುವುದಿಲ್ಲ. ನಿಮಗೆ ಹಿತವೆನಿಸುವಷ್ಟು ಕೋಣೆ ಬೆಚ್ಚಗಿದ್ದರೆ ಅದಕ್ಕೂ ಸಾಕು.

ಉತ್ತರ (ಹಸಿಮಣ್ಣು):
ಟ್ರಿನಿಡಾಡ್, ವೆನೆಜುವೆಲಾ ಕಡೆಯ ಜೇಡವಾದ್ದರಿಂದ ಇದಕ್ಕೆ ತೇವ ಬೇಕು. ದಿನವೂ ನೀರು ಚಿಮುಕಿಸುತ್ತಿರಿ.

ಉತ್ತರ (ಎಂಟುಕಾಲು):
ತೇವ ಬೇಕೆಂಬುದು ನಿಜ, ಆದರೆ ದಿನವೂ ಚಿಮುಕಿಸುವುದನ್ನು ನಾನು ಒಪ್ಪಲಾರೆ. ಮೇಲ್ಪದರ ಒದ್ದೆಯಾಗಿ, ಗೋಡೆಯ ಮೇಲೆ ಸದಾ ನೀರಿನ ಹನಿ ಕಟ್ಟಿ, ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ; ಬಿಲದ ತಳ ಮಾತ್ರ ಒಣಗಿಯೇ ಇರುತ್ತದೆ. ಹತ್ತು ಸೆಂ.ಮೀ.ಗೂ ಹೆಚ್ಚು ಆಳಕ್ಕೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಮಣ್ಣನ್ನು ಒತ್ತಿ ತುಂಬಿ, ಬಿಲವಿಲ್ಲದ ಮೂಲೆಯಲ್ಲಿ ಆಗಾಗ ನಿಧಾನವಾಗಿ ನೀರು ಸುರಿದರೆ ತೇವ ಕೆಳಗಿಳಿದು ಹರಡುತ್ತದೆ. ಈಗಂತೂ ಹಾಗೆ ಸುರಿಯುವಾಗಲೂ ಬಿಲದಿಂದ ದೂರವಿರಿ.

ಪ್ರಶ್ನಿಸಿದವರು:
ಹುಳುವನ್ನು ತೆಗೆದೆ. ಜೇಡ ಹೊರಬಂದ ತಕ್ಷಣ ಆಹಾರ ಕೊಡಬಹುದೇ? ಹೆಣ್ಣೆಂದು ಹೇಳಿ ಮಾರಿದ್ದರು.

ಉತ್ತರ (ಎಂಟುಕಾಲು):
ಪೊರೆ ಬಿಟ್ಟ ಹೊಸದರಲ್ಲಿ ಬಿಳಿಯಾಗಿರುವ ಕೋರೆಗಳು ಕಪ್ಪಾಗಿ ಗಟ್ಟಿಯಾಗುವವರೆಗೆ, ಅಂದರೆ ಸುಮಾರು ಒಂದು ವಾರ, ನೀರು ಮಾತ್ರ ಸಾಕು. ಅದು ಹೊರಗೆಸೆಯುವ ಪೊರೆಯನ್ನು ಜೋಪಾನವಾಗಿಡಿ. ಸೋಪು ಬೆರೆಸಿದ ನೀರಿನಲ್ಲಿ ನೆನೆಸಿ ಬಿಡಿಸಿದರೆ, ಹೊಟ್ಟೆಯ ಒಳಮೈಯಲ್ಲಿ ಮುಂದಿನ ಜೋಡಿ ಶ್ವಾಸಕೋಶಗಳ ನಡುವೆ ಹೆಣ್ಣಾದರೆ ವೀರ್ಯಚೀಲ (ಗಂಡಿನಿಂದ ಪಡೆದ ವೀರ್ಯವನ್ನು ಕೂಡಿಡುವ ಚೀಲ) ಭೂತಗನ್ನಡಿಯಲ್ಲಿ ಕಾಣಿಸುತ್ತದೆ. ಇಷ್ಟು ಚಿಕ್ಕ ಜಾತಿಯಲ್ಲಿ ಮಾರುವವರ ಮಾತಿಗಿಂತ ಅದೇ ನಂಬಲರ್ಹ.