‘ಪ್ರೈಮಿಂಗ್’: ಹಳೆಯ ಅಗ್ನಿಶಾಮಕ ಪಂಪಿಗೆ ಒಪ್ಪುವ ಕನ್ನಡದ ಮಾತು ಯಾವುದು?

ಮಾನ್ಯರೇ,

ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿ ಡೆನ್ನಿಸ್ ಕಂಪನಿ ತಯಾರಿಸಿದ ಹಳೆಯ ಅಗ್ನಿಶಾಮಕ ವಾಹನವೊಂದನ್ನು ಮಂಗಳೂರಿನ ಸಂಗ್ರಾಹಕರೊಬ್ಬರು ಮತ್ತೆ ನಡೆಯುವ ಸ್ಥಿತಿಗೆ ತರುತ್ತಿದ್ದು, ಅದರ ಪಂಪನ್ನು ನಡೆಸುವವರಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆಯುವ ಹೊಣೆ ನನ್ನದಾಗಿದೆ. ಕ್ಲಚ್, ಗೇರು, ಮ್ಯಾಗ್ನೆಟೊ ಮೊದಲಾದವುಗಳನ್ನು ಮೆಕ್ಯಾನಿಕ್‌ಗಳ ಬಾಯಲ್ಲಿರುವಂತೆಯೇ ಉಳಿಸಿಕೊಂಡಿದ್ದೇನೆ. ತೊಡಕಾಗಿರುವುದು ‘ಪ್ರೈಮಿಂಗ್’, ಅಂದರೆ ಪಂಪು ನೀರೆತ್ತಲು ತೊಡಗುವ ಮುನ್ನ ಅದರೊಳಗಿನ ಗಾಳಿ ಹೋಗಿ ನೀರು ತುಂಬುವಂತೆ ಮಾಡುವ ಕೆಲಸ.

ಅದೇ ಕಾಲದ ಮೆರಿವೆದರ್ ಕಂಪನಿಯ ಹ್ಯಾಟ್‌ಫೀಲ್ಡ್ ಪಂಪಿನಲ್ಲಿ ಪಿಸ್ಟನ್‌ಗಳಿದ್ದುದರಿಂದ ಅದು ಗಾಳಿಯನ್ನು ತಾನೇ ಹೊರದೂಡಿ ನೀರನ್ನು ಎಳೆದುಕೊಳ್ಳುತ್ತಿತ್ತು. ಡೆನ್ನಿಸ್ ವಾಹನದ್ದು ಸೆಂಟ್ರಿಫ್ಯೂಗಲ್ ಪಂಪು, ಅಂದರೆ ತಿರುಗುವ ಚಕ್ರದಿಂದ ನೀರನ್ನು ಹೊರದೂಡುವಂಥದ್ದು. ಒಳಗೆ ಗಾಳಿ ತುಂಬಿರುವವರೆಗೆ ಅದರ ಚಕ್ರ ಎಷ್ಟು ವೇಗವಾಗಿ ತಿರುಗಿದರೂ ನೀರು ಮೇಲೇರದು.

ನಮ್ಮ ಕರಾವಳಿಯ ಅಡಿಕೆ ತೋಟಗಳಲ್ಲಿ ಇದಕ್ಕೆ ‘ಪಂಪಿಗೆ ನೀರು ತುಂಬಿಸುವುದು’ ಎನ್ನುತ್ತಾರೆ. ಫುಟ್‌ವಾಲ್ವ್ (ಕೊಳವೆಯ ತಳದ ಕವಾಟ) ನೀರನ್ನು ತಡೆದು ನಿಲ್ಲಿಸುವುದರಿಂದ ಮೇಲಿನಿಂದ ಕೊಡದಲ್ಲಿ ಹೊಯ್ದರೆ ಸಾಕು, ಮಾತಿಗೂ ಕೆಲಸಕ್ಕೂ ಹೊಂದಿಕೆಯಿದೆ. ಆದರೆ ಈ ವಾಹನದಲ್ಲಿ ಯಾರೂ ನೀರು ಹೊಯ್ಯುವುದಿಲ್ಲ. ಎಂಜಿನ್ನಿನ ಹೊಗೆಯನ್ನು ಕಿರಿದಾದ ನಳಿಕೆಯಲ್ಲಿ ರಭಸದಿಂದ ಹಾಯಿಸಿದಾಗ ಅದು ಪಂಪಿನೊಳಗಿನ ಗಾಳಿಯನ್ನು ತನ್ನೊಂದಿಗೆ ಸೆಳೆದೊಯ್ಯುತ್ತದೆ, ಆಗ ಹೊರಗಿನ ವಾತಾವರಣದ ಒತ್ತಡವೇ ಕೆರೆಯ ನೀರನ್ನು ಕೊಳವೆಯೊಳಗೆ ಏರಿಸುತ್ತದೆ. ಸಮುದ್ರಮಟ್ಟದಲ್ಲಿ ಈ ಏರಿಕೆಯ ಮಿತಿ ಲೆಕ್ಕಕ್ಕೆ 10.3 ಮೀಟರ್, ಬಳಕೆಯಲ್ಲಿ 7–8 ಮೀಟರ್ ದಾಟುವುದು ಕಷ್ಟ.

ದುರಸ್ತಿಯ ಹಂತದಲ್ಲಂತೂ ‘ನೀರು ತುಂಬಿಸು’ ಎಂಬ ಮಾತು ಪೂರ್ತಿ ದಾರಿ ತಪ್ಪಿಸುತ್ತದೆ. ಪಂಪಿನ ಶಾಫ್ಟಿನ ಸುತ್ತ ಸೋರಿಕೆ ತಡೆಯುವ ಗ್ಲಾಂಡ್ ಪ್ಯಾಕಿಂಗ್ ಬದಲಿಸಿ, ಕೀಲುಗಳ ಚರ್ಮದ ವಾಶರುಗಳನ್ನು ಹೊಸದಾಗಿ ಕೂರಿಸಿದ ಮೇಲೆ, ನೀರೆಳೆಯುವ ಸಕ್ಷನ್ ಬಾಯಿಗೆ ಮುಚ್ಚಳ ಹಾಕಿ, ಒಂದು ಹನಿ ನೀರೂ ಇಲ್ಲದೆ ಪ್ರೈಮರನ್ನು (ಗಾಳಿ ಸೆಳೆಯುವ ಆ ಹೊಗೆ ನಳಿಕೆಯ ಸಾಧನವನ್ನು) ನಡೆಸಿ, ನಿರ್ವಾತ ತೋರಿಸುವ ಗೇಜಿನ ಮುಳ್ಳು ನಿಂತಲ್ಲೇ ನಿಲ್ಲುತ್ತದೆಯೋ ಇಳಿಯುತ್ತದೆಯೋ ಎಂದು ಪರೀಕ್ಷಿಸುತ್ತೇವೆ. ಗಾಳಿ ಎಲ್ಲಿಂದ ನುಸುಳುತ್ತಿದೆ ಎಂಬುದು ತಿಳಿಯುವುದೇ ಈ ಒಣ ಪರೀಕ್ಷೆಯಿಂದ.

‘ಗಾಳಿ ತೆಗೆಯುವುದು’ ಎನ್ನೋಣವೆಂದರೆ ಗ್ಯಾರೇಜಿನಲ್ಲಿ ಅದಕ್ಕೆ ಟೈರಿನ ಗಾಳಿ ಬಿಡುವುದು, ಡೀಸೆಲ್ ಪೈಪಿನ ಏರ್ ತೆಗೆಯುವುದು ಎಂಬ ಅರ್ಥಗಳು ಆಗಲೇ ನೆಲೆಗೊಂಡಿವೆ. ‘ನಿರ್ವಾತಗೊಳಿಸು’ ಸರಿಯಾದ ಪದವೇ. ಆದರೆ ಬೆಂಕಿಯ ಎದುರು ಕೂಗಿ ಹೇಳುವ ಆದೇಶಕ್ಕೆ ಅದು ಒದಗದು. ಬಣ್ಣದ ಕೆಲಸದವರ ‘ಪ್ರೈಮರ್’ ಬೇರೆ ಇರುವುದರಿಂದ ಇಂಗ್ಲಿಷ್ ಪದವನ್ನೇ ಉಳಿಸಿಕೊಂಡರೂ ಗೊಂದಲ ತಪ್ಪುವುದಿಲ್ಲ.

ಸದ್ಯಕ್ಕೆ ಕ್ರಿಯೆಗೆ ‘ಗಾಳಿ ಹೀರಿಸು’ ಎಂದೂ, ಫಲಕ್ಕೆ ‘ಪಂಪು ನೀರು ಹಿಡಿಯಿತು’ ಎಂದೂ ಬರೆದಿದ್ದೇನೆ. ಕ್ರಿಯೆ, ಫಲ ಎರಡನ್ನೂ ಬೇರೆ ಬೇರೆಯಾಗಿ ಹೇಳುವುದೇ ಮೇಲೆಂಬುದು ನನ್ನ ಅಭಿಪ್ರಾಯ. ‘ಹೀರಿಸು’ ಎಂಬ ಪ್ರೇರಣಾರ್ಥಕ ರೂಪ ಇಲ್ಲಿ ಸಹಜವಾಗಿ ಕೇಳುತ್ತದೆಯೇ? ಮಲೆನಾಡಿನಲ್ಲಾಗಲಿ ಬಯಲುಸೀಮೆಯಲ್ಲಾಗಲಿ ಪಂಪು ನಡೆಸುವವರು ಇದಕ್ಕೆ ಬೇರೆ ಮಾತು ಬಳಸುತ್ತಿದ್ದರೆ, ಅದನ್ನು ಬಳಸುವ ಇಡೀ ವಾಕ್ಯದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.